ಅತ್ತಿ ಅಂದರೆ ಯಾರು? ಅರಿವನ್ನು ತರ್ಕದ ಭಾಷೆಗೆ ಇಳಿಸುವಾಗ ನಾವು ತಪ್ಪುವುದೆಲ್ಲಿ

(ಗಡಹಿಂಗ್ಲಜದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ, ಹೊಟ್ಟೆಪಾಡಿಗೆ ಕಂಪ್ಯೂಟರಿನ ಭಾಷೆ. ಹೀಗೆ ಬೆಳೆದವನು ನಾನು. ಇಲ್ಲಿ ಕೂತಿರುವ ಬಹಳ ಜನರ ಬದುಕೂ ಇದೇ. ಎರಡು ಭಾಷೆಗಳ ನಡುವೆ ಇರುವವರಿಗೆ ಒಂದು ಸಂಗತಿ ಚಿಕ್ಕಂದಿನಲ್ಲೇ ಗೊತ್ತಾಗಿಬಿಡುತ್ತದೆ: ಹೆಸರು ಬೇರೆ, ಹೆಸರಿನ ಹಿಂದಿರುವ ವಸ್ತು ಬೇರೆ. ಒಂದೇ ಭಾಷೆಯಲ್ಲಿ ಹುಟ್ಟಿ ಬೆಳೆದವರು ಇದನ್ನು ಓದಿ ಕಲಿಯಬೇಕಾಗುತ್ತದೆ. ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಈ ಒಂದು ಸಂಗತಿಯ ಸುತ್ತಲೇ ಇದೆ.

ಮೊದಲು ವಿಷಯದ ಪರಿಚಯ. 'ಆಂಟಾಲಜಿ' ಎಂಬ ಮಾತು ತತ್ತ್ವಶಾಸ್ತ್ರದ್ದು. ಜಗತ್ತಿನಲ್ಲಿ ಏನೇನಿದೆ, ಇರುವುದು ಎಷ್ಟು ಬಗೆಯದು ಎಂದು ವಿಚಾರಿಸುವ ಶಾಸ್ತ್ರ ಅದು. ಕಂಪ್ಯೂಟರಿನವರು ಈ ಮಾತನ್ನು ಕಡ ತಂದು ಸ್ವಲ್ಪ ಬೇರೆ ಅರ್ಥ ಕೊಟ್ಟರು. ನೇಕಾರಿಕೆಯಾಗಲಿ, ವೈದ್ಯಕೀಯವಾಗಲಿ, ಯಾವುದೇ ಒಂದು ಕ್ಷೇತ್ರದಲ್ಲಿ ಇರುವ ವಸ್ತುಗಳ ಬಗೆಗಳೇನು, ಅವುಗಳ ನಡುವಿನ ಸಂಬಂಧಗಳೇನು, ಅವುಗಳಿಗೆ ಅನ್ವಯಿಸುವ ಕಟ್ಟಳೆಗಳೇನು ಎಂಬುದನ್ನು ತರ್ಕದ ಭಾಷೆಯಲ್ಲಿ ಬರೆದಿಟ್ಟ ಕಡತವನ್ನೇ ಅವರು ಆಂಟಾಲಜಿ ಎನ್ನುತ್ತಾರೆ. "ನೇಕಾರರೆಲ್ಲ ಮನುಷ್ಯರು", "ಪ್ರತಿ ಸೀರೆಗೂ ಹಾಸಿನ ನೂಲು ಇದ್ದೇ ಇರುತ್ತದೆ" ಎಂಬಂಥ ವಾಕ್ಯಗಳು ಅದರಲ್ಲಿರುತ್ತವೆ. ಬರೆದಿಟ್ಟ ಮೇಲೆ ಒಂದು ತರ್ಕಯಂತ್ರ ಅದನ್ನು ಓದಿ, ನಾವು ಬಾಯಿಬಿಟ್ಟು ಹೇಳದೆ ಇದ್ದರೂ ನಮ್ಮ ಮಾತಿನಿಂದ ಹೊರಡುವ ತೀರ್ಮಾನಗಳನ್ನು ತೆಗೆದು ಮುಂದಿಡುತ್ತದೆ. ಈ ಬರವಣಿಗೆಗೆಂದೇ 'ಔಲ್' ಎಂಬ ಭಾಷೆಯನ್ನು ಜಾಗತಿಕ ವೆಬ್ ಒಕ್ಕೂಟ 2004ರಲ್ಲಿ ಅಂಗೀಕರಿಸಿತು, 2009ರಲ್ಲಿ ಅದರ ಎರಡನೆಯ ಆವೃತ್ತಿ ಬಂತು.

ಇದು ಪಂಡಿತರ ಆಟವಲ್ಲ. ಆಸ್ಪತ್ರೆಗಳಲ್ಲಿ ರೋಗ, ಅಂಗ, ಚಿಕಿತ್ಸೆಗಳನ್ನು ದಾಖಲಿಸಲು ಬಳಸುವ 'ಸ್ನೋಮೆಡ್ ಸಿಟಿ' ಎಂಬ ವ್ಯವಸ್ಥೆಯಲ್ಲಿ ಮೂರು ಲಕ್ಷಕ್ಕೂ ಮೀರಿದ ಪರಿಕಲ್ಪನೆಗಳಿವೆ. ಭಾರತ 2014ರಲ್ಲಿ ಅದರ ಸದಸ್ಯ ದೇಶವಾಯಿತು. ನಾಳೆ ನಮ್ಮ ಊರಿನ ದವಾಖಾನೆಯ ಕಾಗದವೂ ಅದೇ ಲೆಕ್ಕಕ್ಕೆ ಸೇರಲಿದೆ. ಹಾಗಾಗಿ ಅದರೊಳಗೆ ಬರೆದ ಒಂದು ತಪ್ಪು ಯಾರ ಮೈಮೇಲೆ ಬಂದು ಕೂರುತ್ತದೆ ಎಂಬುದು ನಮ್ಮೆಲ್ಲರ ಪ್ರಶ್ನೆ.

ಅಂಥ ತಪ್ಪುಗಳ ಮಾತಿಗೆ ನಮ್ಮ ನೆರೆಯ ಊರಿನ ದಾರಿಯಿಂದಲೇ ಬರುತ್ತೇನೆ. ಇಚಲಕರಂಜಿಯನ್ನು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎಂದು ಕರೆಯುವುದು ನಿಮಗೆಲ್ಲ ಗೊತ್ತಿದೆ. ಘೋರ್ಪಡೆ ಜಹಗೀರದಾರರ ಆಶ್ರಯದಲ್ಲಿ ವಿಠ್ಠಲರಾವ್ ದಾತಾರ್ ಅವರು ಅಲ್ಲಿ ಮೊದಲ ಪಾವರ್‌ಲೂಮ್ ಹಾಕಿದ್ದು 1904ರಲ್ಲಿ. ಸರಿಯಾಗಿ ನೂರು ವರ್ಷದ ಮೇಲೆ, 2004ರಲ್ಲಿ, ಆ ಇನ್ನೊಂದು ಮ್ಯಾಂಚೆಸ್ಟರಿನಿಂದ, ಇಂಗ್ಲೆಂಡಿನ ಹತ್ತಿಯ ಊರಿನಿಂದ, ಒಂದು ಲೇಖನ ಬಂತು. ಅಲ್ಲಿನ ವಿಶ್ವವಿದ್ಯಾಲಯದ ಆಲನ್ ರೆಕ್ಟರ್ ಮತ್ತು ಸಂಗಡಿಗರು ಔಲ್ ಭಾಷೆ ಕಲಿಸುವಾಗ ಕಲಿಯುವವರು ಮತ್ತೆ ಮತ್ತೆ ಮಾಡುವ ತಪ್ಪುಗಳನ್ನು ಕಲೆಹಾಕಿದ್ದರು. ಪಾಠಕ್ಕೆ ಅವರು ಆರಿಸಿಕೊಂಡ ಉದಾಹರಣೆ ಪಿಜ್ಜಾ. ಅಂದಿನಿಂದ ಜಗತ್ತಿನ ತುಂಬ ಈ ವಿದ್ಯೆಯನ್ನು ಪಿಜ್ಜಾದ ಮೂಲಕವೇ ಕಲಿಸುತ್ತಾರೆ. ನಾನೂ ಹಾಗೇ ಕಲಿತೆ, ಹಾಗೇ ಕಲಿಸಿದೆ. ಆದರೆ ಪಿಜ್ಜಾ ಕಂಡರಿಯದ ಹುಡುಗರಿಗೆ ಪಿಜ್ಜಾದ ಮೇಲಿನ ಚೀಸಿನಿಂದ ತರ್ಕ ಕಲಿಸುವುದು ಎರಡು ಹೊರೆಗಳನ್ನು ಒಟ್ಟಿಗೆ ಹೊರಿಸಿದ ಹಾಗೆ. ಕೆಲವು ವರ್ಷಗಳಿಂದ ನಾನು ಸೀರೆ, ಚಪ್ಪಲಿ, ಬಂಧುಬಳಗ ಇವುಗಳಿಂದಲೇ ಕಲಿಸುತ್ತಿದ್ದೇನೆ. ಇವತ್ತಿನ ಉದಾಹರಣೆಗಳೂ ಅವೇ.

ಸೀರೆಯಿಂದ ಶುರುಮಾಡುತ್ತೇನೆ. ಬಟ್ಟೆಗೆ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. 'ಅಪ್ಪಟ ಹತ್ತಿ ಸೀರೆ' ಎಂದರೇನು ಎಂದು ಕೇಳಿದರೆ ಹುಡುಗರು ಥಟ್ಟನೆ ಬರೆಯುತ್ತಾರೆ: "ಯಾವುದರ ಎಳೆಗಳೆಲ್ಲ ಹತ್ತಿಯವೋ ಅದು." ಕೇಳಲು ಚೊಕ್ಕವಾಗಿದೆ. ಆದರೆ ತರ್ಕದಲ್ಲಿ "ಎಲ್ಲ" ಎಂಬುದಕ್ಕೆ ಒಂದು ವಿಚಿತ್ರ ಗುಣವಿದೆ. ಎಳೆಯೇ ಇಲ್ಲದ ವಸ್ತುವಿಗೂ ಆ ಮಾತು ನಿಜವಾಗುತ್ತದೆ. ಕಲ್ಲಿಗೆ ಎಳೆಯಿಲ್ಲ, ಆದ್ದರಿಂದ ಹತ್ತಿಯದಲ್ಲದ ಎಳೆಯೂ ಇಲ್ಲ, ಆದ್ದರಿಂದ ಅದರ ಎಳೆಗಳೆಲ್ಲ ಹತ್ತಿಯವು! ಕಲ್ಲಿಗೆ ಎಳೆಯಿಲ್ಲವೆಂದು ಕಡತದಲ್ಲಿ ಇದ್ದರೆ ತರ್ಕಯಂತ್ರ ಕಲ್ಲನ್ನು ಅಪ್ಪಟ ಹತ್ತಿ ಸೀರೆಗಳ ಸಾಲಿಗೆ ಸೇರಿಸುತ್ತದೆ. ಸೀರೆ ಎಂದಮೇಲೆ ಎಳೆ ಇದ್ದೇ ಇರುತ್ತದೆ ಎಂಬುದು ಆಡುವವನ ತಲೆಯಲ್ಲಿದೆ, ಕಾಗದದ ಮೇಲೆ ಇಲ್ಲ. "ಅದು ಸೀರೆ, ಅದಕ್ಕೆ ಎಳೆ ಇದೆ, ಇರುವ ಎಳೆಯೆಲ್ಲ ಹತ್ತಿ" ಎಂದು ಮೂರನ್ನೂ ಬರೆಯಬೇಕು.

ಇದರ ತಿರುವುಮುರುವು ತಪ್ಪು ಇನ್ನೂ ಹೆಚ್ಚು ಕಾಣುತ್ತದೆ. ಒಂದು ಸೀರೆಯ ಬಗ್ಗೆ "ಹಾಸು ಹತ್ತಿ, ಹೊಕ್ಕು ಹತ್ತಿ" ಎಂದು ಬರೆದು, ಇದು ಅಪ್ಪಟವೇ ಎಂದು ಯಂತ್ರವನ್ನು ಕೇಳುತ್ತಾರೆ. ಯಂತ್ರ ಹೌದೆನ್ನುವುದಿಲ್ಲ, ಅಲ್ಲವೆನ್ನುವುದೂ ಇಲ್ಲ. ಹುಡುಗರಿಗೆ ಸಿಟ್ಟು ಬರುತ್ತದೆ. ಆದರೆ ಯಂತ್ರದ ತಪ್ಪಿಲ್ಲ. ಅಂಚಿನಲ್ಲಿ ಒಂದು ಜರಿ ಎಳೆ ಇಲ್ಲ ಎಂದು ನಾವು ಎಲ್ಲಿ ಹೇಳಿದ್ದೇವೆ?

ಗಡಹಿಂಗ್ಲಜದ ಎಸ್‌.ಟಿ. ಸ್ಟ್ಯಾಂಡಿನ ವೇಳಾಪಟ್ಟಿಯನ್ನು ಇದರ ಪಕ್ಕಕ್ಕಿಟ್ಟು ನೋಡಿ. ಸಂಕೇಶ್ವರಕ್ಕೆ ಹತ್ತೂವರೆಯ ಬಸ್ಸು ಫಲಕದಲ್ಲಿ ಇಲ್ಲದಿದ್ದರೆ ಹತ್ತೂವರೆಗೆ ಬಸ್ಸಿಲ್ಲ ಎಂದೇ ಅರ್ಥ. ಬರೆಯದಿದ್ದದ್ದು ಇಲ್ಲ. ನಮ್ಮ ರೇಷನ್ ಪಟ್ಟಿ, ಬ್ಯಾಂಕಿನ ಖಾತೆ, ಮತದಾರರ ಯಾದಿ ಎಲ್ಲವೂ ಈ ನಿಯಮದ ಮೇಲೆ ನಡೆಯುತ್ತವೆ. ಅದಕ್ಕೆ ಮುಚ್ಚಿದ ಜಗತ್ತು ಎನ್ನುತ್ತೇವೆ. ಆಂಟಾಲಜಿಯ ಜಗತ್ತು ತೆರೆದದ್ದು. ಅಲ್ಲಿ ಬರೆಯದೆ ಇದ್ದದ್ದು ಇರಲೂಬಹುದು. ಹಳ್ಳಿಯ ಹಿರಿಯರು ಹಾಗೇ ಯೋಚಿಸುತ್ತಾರೆ. "ನನಗ ಗೊತ್ತಿಲ್ಲ" ಎನ್ನುತ್ತಾರೆಯೇ ಹೊರತು "ಇಲ್ಲ" ಎನ್ನುವುದಿಲ್ಲ. ಡೇಟಾಬೇಸಿನಲ್ಲಿ ಪಳಗಿದ ಕೈಗೆ ಈ ವ್ಯತ್ಯಾಸ ಒಗ್ಗಲು ತಿಂಗಳುಗಳೇ ಬೇಕು. "ಇವಿಷ್ಟೇ, ಬೇರೆ ಇಲ್ಲ" ಎಂದು ಬಾಗಿಲು ಮುಚ್ಚುವ ವಾಕ್ಯವನ್ನು ಪ್ರತಿ ಸಲವೂ ಕೈಯಾರೆ ಬರೆಯಬೇಕು.

ನಾವು ಆಡುವ "ಮತ್ತು" ಕೂಡ ಮೋಸ ಮಾಡುತ್ತದೆ. ಇಳಕಲ್ ಸೀರೆಯ ಒಡಲಿನ ಹಾಸು ಹತ್ತಿ, ಸೆರಗಿನ ಹಾಸು ರೇಷ್ಮೆ ಇರುವುದುಂಟು. ಎರಡು ಹಾಸುಗಳನ್ನು ಕೊಂಡಿ ಹಾಕಿ ಕೂಡಿಸುವುದೇ ಆ ನೇಯ್ಗೆಯ ಹೆಚ್ಚುಗಾರಿಕೆ. "ಇದರ ಎಳೆ ಹತ್ತಿ ಮತ್ತು ರೇಷ್ಮೆ" ಎಂದು ಬರೆದರೆ ತರ್ಕಕ್ಕೆ ಅದು ಒಂದೇ ಎಳೆ, ಏಕಕಾಲಕ್ಕೆ ಹತ್ತಿಯೂ ಹೌದು, ರೇಷ್ಮೆಯೂ ಹೌದು. ಹತ್ತಿ ಬೇರೆ, ರೇಷ್ಮೆ ಬೇರೆ ಎಂದು ಕಡತದಲ್ಲಿ ಇನ್ನೊಂದು ಕಡೆ ಹೇಳಿದ್ದರೆ, ಅಂಥ ಎಳೆ ಇರಲು ಸಾಧ್ಯವಿಲ್ಲ. ಆಗ ಇಳಕಲ್ ಸೀರೆ ಎಂಬ ವರ್ಗವೇ ಬರಿದಾಗುತ್ತದೆ. ಬೇರೆ ಬೇರೆ ಎಂದು ಹೇಳಿರದಿದ್ದರೆ ಇನ್ನೂ ಕೆಟ್ಟದ್ದು. ತಪ್ಪು ಒಳಗೇ ಕುಳಿತಿರುತ್ತದೆ, ಯಂತ್ರ ಚಕಾರ ಎತ್ತುವುದಿಲ್ಲ.

ನಮ್ಮ ಹಳೆಯ ತಾರ್ಕಿಕರು ಇದನ್ನೆಲ್ಲ ನೋಡಿದ್ದರು. ಲಕ್ಷಣ ಹೇಳುವಾಗ ಬರುವ ದೋಷಗಳು ಮೂರು ಎಂದು ನ್ಯಾಯಶಾಸ್ತ್ರದ ವಿದ್ಯಾರ್ಥಿಗೆ ಮೊದಲ ಪಾಠಗಳಲ್ಲೇ ಹೇಳಿಕೊಡುತ್ತಾರೆ. ಕಪಿಲೆ ಬಣ್ಣದ್ದೇ ಆಕಳು ಎಂದರೆ ಕರಿ ಆಕಳು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಕೊಂಬಿರುವುದೇ ಆಕಳು ಎಂದರೆ ಎಮ್ಮೆಯೂ ಒಳಗೆ ಬರುತ್ತದೆ, ಅದು ಅತಿವ್ಯಾಪ್ತಿ. ಒಂಟಿ ಗೊರಸಿನದು ಆಕಳು ಎಂದರೆ ಅದು ಯಾವ ಆಕಳಿಗೂ ಹೊಂದುವುದಿಲ್ಲ, ಅದು ಅಸಂಭವ. ಎಳೆಯಿಲ್ಲದ ಕಲ್ಲು ಸೀರೆಯಾದದ್ದು ಅತಿವ್ಯಾಪ್ತಿ, ಹತ್ತಿ-ರೇಷ್ಮೆಯ ಒಂದೇ ಎಳೆ ಅಸಂಭವ. ತರ್ಕಯಂತ್ರ ತಾನಾಗಿ ಹಿಡಿದುಕೊಡುವುದು ಅಸಂಭವವನ್ನು ಮಾತ್ರ. ಉಳಿದೆರಡನ್ನು ಕ್ಷೇತ್ರ ಬಲ್ಲ ಮನುಷ್ಯರೇ ಹಿಡಿಯಬೇಕು.

ಈ ಮಾತಿಗೆ ಕೊಲ್ಹಾಪುರಿ ಚಪ್ಪಲಿಗಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ. ಹೆಸರಿನಲ್ಲಿ ಕೊಲ್ಹಾಪುರ ಇದೆ. ಹೊಸಬ ಕೂಡಲೇ ಬರೆಯುತ್ತಾನೆ: "ಕೊಲ್ಹಾಪುರಿ ಚಪ್ಪಲಿ ಎಂದರೆ ಕೊಲ್ಹಾಪುರದಲ್ಲಿ ಮಾಡಿದ ಚಪ್ಪಲಿ." ತಪ್ಪು. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕ ಸಿಕ್ಕ ಸುದ್ದಿ ಬಂದಾಗ ನಮ್ಮವರು ಗಮನಿಸಿರಬೇಕು. ಅದು ಎರಡು ರಾಜ್ಯಗಳ ಎಂಟು ಜಿಲ್ಲೆಗಳಿಗೆ ಸೇರಿದ್ದು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರ. ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಥಣಿಯಲ್ಲಿ ಹೊಲಿದದ್ದೂ ಕೊಲ್ಹಾಪುರಿಯೇ. ಊರಿನ ಹೆಸರು ವಿಶೇಷಣವಾಗಿ ಬಂದಾಗ ಅದನ್ನು ಹುಟ್ಟಿದ ಜಾಗ ಎಂದು ಓದುವುದು ಅವ್ಯಾಪ್ತಿಗೆ ದಾರಿ.

ಹಾಗಾದರೆ ಆಕಾರದಿಂದ ಹೇಳೋಣ ಎಂದರೆ? ಚಪ್ಪಟೆ ಅಟ್ಟೆ, ಹೆಬ್ಬೆರಳಿಗೆ ಉಂಗುರ, ಮೇಲೆ ಹೆಣೆದ ಪಟ್ಟಿ, ಬದಿಗೆ ಕಿವಿ. ಇಷ್ಟಿದ್ದರೆ ಕೊಲ್ಹಾಪುರಿ ಎಂದು ಬರೆದುಬಿಟ್ಟರೆ, 2025ರ ಜೂನ್‌ನಲ್ಲಿ ಮಿಲಾನಿನ ವೇದಿಕೆಯ ಮೇಲೆ ಪ್ರಾಡಾ ಎಂಬ ಫ್ಯಾಶನ್ ಕಂಪನಿ ಮೂಲದ ಹೆಸರು ಹೇಳದೆ ತೋರಿಸಿದ ಜೋಡೂ ಕೊಲ್ಹಾಪುರಿ ಆಗುತ್ತದೆ. ಅಂದು ಈ ಭಾಗದ ಕುಶಲಕರ್ಮಿಗಳಿಗೆ ಆದ ನೋವು ನ್ಯಾಯವಾದದ್ದು ಎಂದು ನನ್ನ ನಂಬಿಕೆ. ಆ ನೋವಿನ ತರ್ಕರೂಪ ಇಷ್ಟೇ: ಕೊಲ್ಹಾಪುರಿಗೆ ಇರಲೇಬೇಕಾದ ಗುಣ ಬೇರೆ, ಇದ್ದರೆ ಕೊಲ್ಹಾಪುರಿ ಎನ್ನಿಸಲು ಸಾಕಾಗುವ ಗುಣ ಬೇರೆ. ಇರಲೇಬೇಕಾದದ್ದನ್ನು ಮಾತ್ರ ಬರೆದರೆ ಯಂತ್ರ ಯಾವ ಚಪ್ಪಲಿಯನ್ನೂ ತಾನಾಗಿ ಕೊಲ್ಹಾಪುರಿ ಎಂದು ಗುರುತಿಸುವುದಿಲ್ಲ. ಇರಲೇಬೇಕಾದದ್ದನ್ನೇ ಸಾಕಾದದ್ದು ಎಂದು ಬರೆದರೆ ಯಾರು ಬೇಕಾದರೂ ಒಳಗೆ ನುಗ್ಗುತ್ತಾರೆ. ಔಲ್ ಕಲಿಯುವವರು ಎಡವುವ ಜಾಗಗಳಲ್ಲಿ ಇದು ದೊಡ್ಡದು, ಏಕೆಂದರೆ ಪರದೆಯ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಸಾಕಾದ ಲಕ್ಷಣ ಬೇಕೆಂದರೆ ಜಾಲಿ ತೊಗಟೆ, ಅಳಲೆಕಾಯಿಯಿಂದ ತೊಗಲು ಹದ ಮಾಡುವ ಬಗೆ, ಮೊಳೆ ಹೊಡೆಯದೆ ತೊಗಲಿನ ಎಳೆಯಿಂದಲೇ ಹೊಲಿಯುವ ಬಗೆ, ಎಂಟು ಜಿಲ್ಲೆಗಳ ಎಲ್ಲೆ, ಇವೆಲ್ಲ ಬರಬೇಕು. ಅದನ್ನು ಬಲ್ಲವರು ಪುಸ್ತಕದಲ್ಲಿ ಸಿಗುವುದಿಲ್ಲ, ಅಂಗಳದಲ್ಲಿ ಅಟ್ಟೆಯ ಮುಂದೆ ಕೂತಿರುತ್ತಾರೆ.

ಈ ಕೆಲಸದಲ್ಲೇ ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಇಡಬೇಕು. ವಿದ್ಯಾರ್ಥಿಗಳ ಜೊತೆ ಸೇರಿ ಚಪ್ಪಲಿ ಕಸುಬಿನ ಒಂದು ಸಣ್ಣ ಆಂಟಾಲಜಿ ಬರೆಯುತ್ತಿದ್ದೆವು. 'ತಯಾರಕ' ಎಂಬ ಸಂಬಂಧ ಬೇಕಿತ್ತು. ಒಂದು ಚಪ್ಪಲಿಗೆ ಒಬ್ಬನೇ ತಯಾರಕ ಎಂದು ನಾನೇ ಗುರುತು ಹಾಕಿದೆ. ಅಂಗಡಿಯ ಬಿಲ್ಲಿನಲ್ಲಿ ಒಂದೇ ಹೆಸರು ಇರುತ್ತದೆ, ಹಾಗಾಗಿ ಅದು ಸಹಜವೆನ್ನಿಸಿತ್ತು. ಆಮೇಲೆ ಒಂದು ಮನೆಯಲ್ಲಿ ಕೂತು ಮಾಹಿತಿ ತುಂಬಿದೆವು. ತೊಗಲು ಕೊಯ್ದವನು ಗಂಡ, ಮೇಲಿನ ಪಟ್ಟಿಯ ಜಡೆ ಹೆಣೆದವಳು ಹೆಂಡತಿ. ಈ ಕಸುಬಿನಲ್ಲಿ ಬಹಳ ಮನೆಗಳಲ್ಲಿ ಕೆಲಸ ಹೀಗೇ ಹಂಚಿಕೊಂಡಿರುತ್ತದೆ. ಇಬ್ಬರ ಹೆಸರನ್ನೂ ತಯಾರಕ ಎಂದು ಬರೆದೆವು.

ಡೇಟಾಬೇಸ್ ಆಗಿದ್ದರೆ "ಒಬ್ಬರಿಗಿಂತ ಹೆಚ್ಚು ಬರೆಯುವಂತಿಲ್ಲ" ಎಂದು ತಡೆಯುತ್ತಿತ್ತು. ತರ್ಕಯಂತ್ರ ಹಾಗೆ ಮಾಡುವುದಿಲ್ಲ. ಅದಕ್ಕೆ ಎರಡು ಹೆಸರು ಎಂದರೆ ಎರಡು ವ್ಯಕ್ತಿ ಎಂದಲ್ಲ. ಕರವೀರ ಎಂದರೂ ಕೊಲ್ಹಾಪುರ ಎಂದರೂ ಒಂದೇ ಊರಾಗಬಹುದು, ಅಂಬಾಬಾಯಿ ಎಂದರೂ ಮಹಾಲಕ್ಷ್ಮಿ ಎಂದರೂ ಒಬ್ಬಳೇ ದೇವಿ. ಆದ್ದರಿಂದ ಅದು ಹೀಗೆ ಯೋಚಿಸಿತು: ತಯಾರಕ ಒಬ್ಬನೇ, ಇಲ್ಲಿ ಎರಡು ಹೆಸರಿವೆ, ಅಂದಮೇಲೆ ಇವೆರಡೂ ಒಬ್ಬರದೇ ಹೆಸರು. ಗಂಡ ಹೆಂಡತಿ ಇಬ್ಬರನ್ನೂ ಒಬ್ಬ ವ್ಯಕ್ತಿಯನ್ನಾಗಿ ಮಾಡಿತು. ಗಂಡು ಬೇರೆ ಹೆಣ್ಣು ಬೇರೆ ಎಂದು ನಾವು ಬರೆದಿರಲಿಲ್ಲ, ಹಾಗಾಗಿ ವಿರೋಧವೂ ಕಾಣಲಿಲ್ಲ. ಹೆಂಡತಿಯ ವಯಸ್ಸು ಕೇಳಿದರೆ ಗಂಡನ ವಯಸ್ಸೂ ಬರುತ್ತಿತ್ತು. ಗಂಡನ ಹುಟ್ಟೂರು ಕೇಳಿದರೆ ಅವಳ ತವರೂರೂ ಬರುತ್ತಿತ್ತು.

ಬಹಳ ದಿನ ನಾನು ಇದನ್ನು ಮರೆಯಲಿಲ್ಲ. ತಪ್ಪು ಯಂತ್ರದ್ದಲ್ಲ. "ಒಬ್ಬನೇ" ಎಂದು ಬರೆದ ಕೈ ನನ್ನದು. ಬಿಲ್ಲಿನಲ್ಲಿ ಹೆಸರಿಲ್ಲದ ಹೆಂಗಸು ಕಡತದಲ್ಲಾದರೂ ಇರಲಿ ಎಂದು ಹೋದವರು ನಾವು; ನಮ್ಮ ಒಂದು ಗುರುತಿನಿಂದ ಅವಳು ಗಂಡನ ಇನ್ನೊಂದು ಹೆಸರಾಗಿಬಿಟ್ಟಳು. ಆಮೇಲೆ 'ತಯಾರಕ'ನನ್ನು ಒಡೆದು ಕೊಯ್ದವರು, ಹೆಣೆದವರು, ಹೊಲಿದವರು ಎಂದು ಬೇರೆ ಬೇರೆ ಸಂಬಂಧ ಮಾಡಿದೆವು. ಯಾವುದಕ್ಕೂ "ಒಬ್ಬರೇ" ಎಂಬ ಗುರುತು ಇಡಲಿಲ್ಲ. ವ್ಯಕ್ತಿಗಳು ಒಬ್ಬರಿಗಿಂತ ಒಬ್ಬರು ಬೇರೆ ಎಂದು ಪ್ರತ್ಯೇಕವಾಗಿ ಬರೆದೆವು. ಔಲ್‌ನಲ್ಲಿ ಅದನ್ನೂ ಬರೆಯಬೇಕು.

ಹೆಸರಿನ ತೊಡಕು ಹೊಸದೇನಲ್ಲ. ಇದೇ ತಾಲೂಕಿನಲ್ಲಿ ಎರಡು ಹೆಬ್ಬಾಳಗಳಿವೆ. ಜನ ಒಂದನ್ನು ಹೆಬ್ಬಾಳ-ಜಲದ್ಯಾಳ ಎಂದೂ ಇನ್ನೊಂದನ್ನು ಹೆಬ್ಬಾಳ-ಕಸಬಾ ನೂಲ ಎಂದೂ ಕರೆದು ಎಂದೋ ಬಗೆಹರಿಸಿಕೊಂಡಿದ್ದಾರೆ. ಒಂದೇ ಹೆಸರಿಗೆ ಎರಡು ವಸ್ತು ಇದ್ದಾಗ ನಾವು ಎಚ್ಚರದಿಂದಿರುತ್ತೇವೆ. ಒಂದೇ ಹೆಸರಿನಡಿ ಬೇರೆ ಬೇರೆ ಬಗೆಯ ವಸ್ತುಗಳು ಇದ್ದಾಗ ಎಚ್ಚರ ತಪ್ಪುತ್ತದೆ. 'ಕೊಲ್ಹಾಪುರ' ಎಂದರೆ ಪಂಚಗಂಗೆಯ ದಡದ ನಗರ. ಅದೇ ಹೆಸರಿನ ಜಿಲ್ಲೆ. 1949ರ ಮಾರ್ಚಿನಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಸಂಸ್ಥಾನ. ಮೂರಕ್ಕೂ ಕಡತದಲ್ಲಿ ಒಂದೇ ಗುರುತು ಇಟ್ಟರೆ, 1949ರಲ್ಲಿ ಕೊನೆಗೊಂಡ ಕೊಲ್ಹಾಪುರದಲ್ಲಿ 1962ರಲ್ಲಿ ಶಿವಾಜಿ ವಿಶ್ವವಿದ್ಯಾಲಯ ಹುಟ್ಟಿತು ಎಂಬ ವಾಕ್ಯ ಬರುತ್ತದೆ. ಗಡಿಯ ವಾದ-ವಿವಾದಗಳಲ್ಲೂ ಇದೇ ಗೊಂದಲ ಬಹಳ ಸಲ ಬಿಸಿಯೇರಿಸುವುದನ್ನು ನೋಡಿದ್ದೇನೆ. ಒಬ್ಬರು ಊರಿನ ಮಾತಾಡುತ್ತಿರುತ್ತಾರೆ, ಇನ್ನೊಬ್ಬರು ಆಡಳಿತದ ಘಟಕದ ಮಾತಾಡುತ್ತಿರುತ್ತಾರೆ.

ಮಗ್ಗದ ವಿಷಯವನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಲಾಳಿ ಮಗ್ಗದ ಒಂದು ಭಾಗ, ಮಗ್ಗದ ಒಂದು ಬಗೆಯಲ್ಲ. ಆದರೆ ಗಿಡದ ಚಿತ್ರ ಬಿಡಿಸುವಾಗ ಹುಡುಗರು ಮಗ್ಗದ ಕೆಳಗೆ ಪಾವರ್‌ಲೂಮನ್ನೂ ಕೈಮಗ್ಗವನ್ನೂ ಬರೆದು, ಪಕ್ಕದಲ್ಲೇ ಲಾಳಿ, ಕಂಡಿಕೆ, ಬೀಮುಗಳನ್ನೂ ಬರೆದುಬಿಡುತ್ತಾರೆ. "ಪ್ರತಿ ಮಗ್ಗಕ್ಕೂ ಹಾಸು ಸುತ್ತಿದ ಬೀಮು ಇರುತ್ತದೆ" ಎಂದರೆ ಲಾಳಿಗೂ ಬೀಮು ಬರುತ್ತದೆ. ಭಾಗದ ಸಂಬಂಧ ಬೇರೆ, ಬಗೆಯ ಸಂಬಂಧ ಬೇರೆ. ಇದು ಮಕ್ಕಳ ತಪ್ಪು ಎಂದು ತಳ್ಳಿಹಾಕಬೇಡಿ. ಆಗಲೇ ಹೇಳಿದ ಸ್ನೋಮೆಡ್ ಸಿಟಿಯನ್ನು ಪರಿಶೀಲಿಸಿ ಅದೇ ಆಲನ್ ರೆಕ್ಟರ್ ಮತ್ತು ಸಂಗಡಿಗರು 2011ರಲ್ಲಿ ಬರೆದ ಲೇಖನದ ಹೆಸರಿನಲ್ಲೇ, ಪಾದವನ್ನು ಸೊಂಟದ ಕುಳಿಯಿಂದ ಹೊರಗೆ ತರಬೇಕು ಎಂಬ ಮಾತಿದೆ. ಅಂಗಾಂಗಗಳನ್ನು ಒಂದರಡಿ ಒಂದು ಜೋಡಿಸಿದ ಕ್ರಮದಿಂದ, ಕಾಲಿನ ಕೆಳಭಾಗದ ರಕ್ತನಾಳದ ತೊಂದರೆಗಳು ಸೊಂಟದ ಕುಳಿಯ ಕಾಯಿಲೆಗಳ ಅಡಿ ಬಂದು ಕೂತಿದ್ದವು. ದೊಡ್ಡ ದೊಡ್ಡ ತಜ್ಞರು ವರ್ಷಗಟ್ಟಲೆ ಕಟ್ಟಿದ್ದರಲ್ಲಿ ಇದು ನಡೆಯಿತು.

ಇನ್ನೊಂದು ಸಣ್ಣ ಸಂಗತಿ. 'ನೇಯುವುದು' ಎಂಬ ಸಂಬಂಧಕ್ಕೆ ಕರ್ತೃ ನೇಕಾರ ಎಂದು ಬರೆದರೆ, ನೇಕಾರರಲ್ಲದವರು ಬಂದಾಗ ಯಂತ್ರ ತಡೆಯುತ್ತದೆ ಎಂದು ನಾವು ಭಾವಿಸುತ್ತೇವೆ. ಅದು ಕಾವಲುಗಾರನಲ್ಲ, ತೀರ್ಮಾನಕಾರ. "ಗೀಜಗ ಗೂಡು ನೇಯುತ್ತದೆ" ಎಂದು ಬರೆಯಿರಿ, ಗೀಜಗ ನೇಕಾರ ಎನ್ನುತ್ತದೆ. ನೇಕಾರರೆಲ್ಲ ಮನುಷ್ಯರು ಎಂದಿದ್ದರೆ ಗೀಜಗವೂ ಮನುಷ್ಯ. ನೇಕಾರ ಎಂಬುದು ಹುಟ್ಟಿನಿಂದ ಬಂದ ಬಗೆಯೋ, ಒಂದು ಕಾಲಕ್ಕೆ ಮಾಡುವ ಪಾತ್ರವೋ ಎಂಬ ಪ್ರಶ್ನೆಯೂ ಇಲ್ಲೇ ಇದೆ. ನಿಕೋಲಾ ಗ್ವಾರಿನೋ ಮತ್ತು ಕ್ರಿಸ್ ವೆಲ್ಟಿ ಎಂಬ ವಿದ್ವಾಂಸರು ಇದನ್ನು ವಿಂಗಡಿಸಲು ಒಂದು ಪದ್ಧತಿಯನ್ನೇ ರೂಪಿಸಿದರು. ಮನುಷ್ಯ ಮನುಷ್ಯನಾಗಿರುವುದನ್ನು ಬಿಡಲಾರ. ನೇಕಾರ ಮಗ್ಗ ಮಾರಿದ ಮರುದಿನ ನೇಕಾರನಲ್ಲ, ಆದರೂ ಅವನೇ. ಕಸುಬನ್ನು ಹುಟ್ಟಿಗೆ ಕಟ್ಟಿಹಾಕಿದ ಸಮಾಜದಿಂದ ಬಂದ ನಾವು ಈ ತಪ್ಪನ್ನು ಬೇರೆಯವರಿಗಿಂತ ಹೆಚ್ಚು ಎಚ್ಚರದಿಂದ ನೋಡಬೇಕು.

ಈಗ ಶೀರ್ಷಿಕೆಯ ಮಾತಿಗೆ ಬರುತ್ತೇನೆ. ಬಂಧುಬಳಗದ ಆಂಟಾಲಜಿ ಬರೆಯುವುದು ಎಲ್ಲ ಕಡೆ ಕೊಡುವ ಅಭ್ಯಾಸ. ನಾನು ನನ್ನ ವಿದ್ಯಾರ್ಥಿಗಳಿಗೆ ಕನ್ನಡ, ಮರಾಠಿ ಎರಡರಲ್ಲೂ ಬರೆದು ಜೋಡಿಸಿ ಎಂದೆ. ನಮ್ಮ ಮನೆಗಳಲ್ಲಿ ಅಪ್ಪನ ಅಕ್ಕ-ತಂಗಿ ಅತ್ತಿ, ಸೋದರಮಾವನ ಹೆಂಡತಿ ಅತ್ತಿ, ಗಂಡನ ಅಥವಾ ಹೆಂಡತಿಯ ತಾಯಿಯೂ ಅತ್ತಿ. ಮರಾಠಿಯಲ್ಲಿ ಆತ್ಯಾ, ಮಾಮಿ, ಸಾಸೂ ಎಂದು ಮೂರು ಹೆಸರು. ಒಬ್ಬ ಹುಡುಗಿ ಅತ್ತಿ ಎಂದರೆ ಆತ್ಯಾಕ್ಕೆ ಸಮ ಎಂದು ಬರೆದಳು. ಅವಳ ಗುಂಪಿನ ಇನ್ನೊಬ್ಬ ಅತ್ತಿ ಎಂದರೆ ಸಾಸೂಗೆ ಸಮ ಎಂದು ಬರೆದ. ನಿಘಂಟಿನ ದೃಷ್ಟಿಯಿಂದ ಇಬ್ಬರೂ ಸರಿ. ತರ್ಕಕ್ಕೆ ಸಮ ಎಂದರೆ ಸಮ. ಎರಡೂ ಒಂದಕ್ಕೆ ಸಮವಾದರೆ ಅವೆರಡೂ ಸಮ. ಎಲ್ಲ ಆತ್ಯಾರೂ ಸಾಸೂ ಆದರು, ಎಲ್ಲ ಸಾಸೂಗಳೂ ಆತ್ಯಾ ಆದರು.

ಇದರಲ್ಲಿ ಕಷ್ಟವೇನೆಂದರೆ ತಪ್ಪು ಬೇಗ ಕಾಣಲಿಲ್ಲ. ಆ ಹುಡುಗಿ ಪರೀಕ್ಷೆಗೆಂದು ತುಂಬಿದ್ದು ತನ್ನ ತಾಯಿಯ ಮನೆಯ ಸಂಬಂಧಗಳನ್ನು. ಆ ತಾಯಿ ಮದುವೆಯಾದದ್ದು ತನ್ನ ಸೋದರತ್ತಿಯ ಮಗನನ್ನು. ಆಕೆಗೆ ಆತ್ಯಾನೇ ಸಾಸೂ! ಯಂತ್ರ ಹೇಳಿದ್ದು ನಿಜವೇ ಆಗಿತ್ತು. ಸೋದರ ಸಂಬಂಧ ಇಲ್ಲದ ಇನ್ನೊಂದು ಮನೆಯ ವಿವರ ತುಂಬುವವರೆಗೂ ತಪ್ಪು ಅಡಗಿಯೇ ಇತ್ತು. ನಮ್ಮ ಭಾಷೆ ಮೂವರಿಗೂ ಒಂದೇ ಹೆಸರಿಟ್ಟದ್ದು ಯೋಚಿಸಿಯೇ. ಅತ್ತಿಯ ಮಗ ಗಂಡನಾಗಬಹುದಾದ ಸಮಾಜದ ನೆನಪು ಆ ಪದದಲ್ಲಿದೆ. ಆದರೆ ಆಗಬಹುದು ಎಂಬುದನ್ನು ಆಗಿಯೇ ಇದೆ ಎಂದು ಯಂತ್ರಕ್ಕೆ ಹೇಳುವಂತಿಲ್ಲ. ಸರಿಯಾದ ದಾರಿ ಎಂದರೆ ಅತ್ತಿಯನ್ನು ಅಗಲವಾದ ವರ್ಗವಾಗಿಟ್ಟು, ಉಳಿದ ಮೂರನ್ನು ಅದರ ಒಳಗೆ ಕೂರಿಸುವುದು. ಆ ಮೂರು ಒಂದನ್ನೊಂದು ಮುಟ್ಟುವುದಿಲ್ಲ ಎಂದು ಬರೆಯದಿರುವುದು.

ಆ ಕೊನೆಯ ಮಾತು ಮುಖ್ಯ. ಪಠ್ಯಗಳಲ್ಲಿ ಸಾಮಾನ್ಯವಾಗಿ ಬುದ್ಧಿ ಹೇಳುವುದು ಇದಕ್ಕೆ ಉಲ್ಟಾ: ಬೇರೆ ಬೇರೆಯಾದದ್ದನ್ನು ಬೇರೆ ಎಂದು ಬರೆಯಿರಿ, ಇಲ್ಲದಿದ್ದರೆ ತಪ್ಪು ಸಿಕ್ಕಿಬೀಳುವುದಿಲ್ಲ. ಸರಿಯಾದ ಬುದ್ಧಿವಾದ, ಹತ್ತಿ-ರೇಷ್ಮೆಯಲ್ಲಿ ನೋಡಿದೆವು. ಅದನ್ನೇ ನಂಬಿ ಒಬ್ಬ ವಿದ್ಯಾರ್ಥಿ "ಸೋದರಮಾವನೂ ಗಂಡನೂ ಒಬ್ಬನೇ ಆಗಲಾರ" ಎಂದು ಬರೆದ. ನಮ್ಮಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿ ಎಷ್ಟು ಹಳೆಯದು! ಅಂಥ ಒಂದು ಮನೆಯ ವಿವರ ಹಾಕಿದ ಕೂಡಲೇ ಇಡೀ ಕಡತ ವಿರೋಧದಲ್ಲಿ ಸಿಕ್ಕಿಕೊಂಡಿತು. ವಿರೋಧ ಬಂದ ಕಡತದಿಂದ ಯಾವ ಮಾತನ್ನು ಬೇಕಾದರೂ ಸಾಧಿಸಬಹುದು, ಆದ್ದರಿಂದ ಯಂತ್ರ ಕೈಚೆಲ್ಲುತ್ತದೆ. ನಿಯಮ ಬರೆದವನಿಗೆ ಆ ಮನೆಯೇ ತಪ್ಪಾಗಿ ಕಂಡಿತು, "ಸರ, ಈ ಡೇಟಾ ಕೆಟ್ಟದ" ಎಂದ. ಅವನ ಪಕ್ಕದಲ್ಲಿ ಕೂತಿದ್ದ ಹುಡುಗನ ಮನೆ ಅದು. ಆ ಹುಡುಗನ ಮುಖ ನನಗೆ ಇನ್ನೂ ಕಣ್ಣಮುಂದಿದೆ. ಆ ರೂಢಿ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಬೇರೆ. ಆದರೆ ಇರುವ ಒಂದು ಮನೆಯನ್ನು ಇರಲು ಸಾಧ್ಯವಿಲ್ಲ ಎಂದು ಹೇಳುವ ಕಡತ ಬರೆಯುವ ಹಕ್ಕು ಯಾರಿಗೂ ಇಲ್ಲ ಎಂದು ನಾನು ನಂಬುತ್ತೇನೆ. ದೂರದ ಊರುಗಳಲ್ಲಿ ಬರೆದ ನಿಯಮಗಳು ನಾಳೆ ನಮ್ಮ ಊರಿನ ಅರ್ಜಿ-ಫಾರ್ಮುಗಳ ಒಳಗೆ ಕೂತು ಕೆಲಸ ಮಾಡುವಾಗ, ಯಾವ ಮನೆ, ಯಾವ ಹೆಸರು, ಯಾವ ಭಾಷೆ ಕೆಟ್ಟ ಡೇಟಾ ಎನ್ನಿಸಿಕೊಳ್ಳುತ್ತದೋ ಎಂಬ ಚಿಂತೆ ನನಗಿದೆ. ಅದಕ್ಕೇ ಇಲ್ಲಿನ ಹುಡುಗ ಹುಡುಗಿಯರು ಈ ವಿದ್ಯೆಯನ್ನು ಬಳಸಿದರೆ ಸಾಲದು, ಬರೆಯುವವರೂ ಆಗಬೇಕು ಎಂದು ಬೇಡಿಕೊಳ್ಳುತ್ತೇನೆ. ಅತ್ತಿಯೂ ಆತ್ಯಾಳೂ ಎಲ್ಲಿ ಕೂಡುತ್ತಾರೆ, ಎಲ್ಲಿ ಬೇರೆಯಾಗುತ್ತಾರೆ ಎಂಬುದು ಅವರಿಗೆ ಉಂಡ ಅನ್ನದಷ್ಟು ಗೊತ್ತಿದೆ.

ಆ ಚಪ್ಪಲಿಯ ಕಡತ ಇನ್ನೂ ಮುಗಿದಿಲ್ಲ. ಹೋದ ಸಲ ಹೋದಾಗ, ಜಡೆ ಹೆಣೆಯುವ ಹಿರಿಯ ಹೆಂಗಸೊಬ್ಬರು ನಮ್ಮ ಪರದೆಯನ್ನು ನೋಡಿ ಇದೇನು ಎಂದು ಕೇಳಿದರು. ಒಂದೊಂದು ಚಪ್ಪಲಿಗೂ ಒಂದೊಂದು ಗುರುತು ಕೊಟ್ಟು ಯಾರು ಏನು ಮಾಡ್ತಾರ ಅಂತ ಬರೀತೀವಿ ಅವ್ವ, ಎಂದೆ. ಕೈಯಲ್ಲಿದ್ದ ತೊಗಲಿನ ಎಳೆಯನ್ನು ಬಿಡದೆ ಅವರು ಕೇಳಿದರು: "ಹೌದೇನ್ರಿ? ಅದು ಒಂದ ಕಾಲಿಂದು ಬರದೀರೋ, ಜೋಡಿಂದು ಬರದೀರೋ? ನಾ ಎಡಗಾಲಿಂದು ಹೆಣದೀನಿ, ಬಲಗಾಲಿಂದು ಸೊಸಿ ಹೆಣದಾಳ."

ನಮ್ಮ ಕಡತದಲ್ಲಿ ಚಪ್ಪಲಿ ಎಂಬ ವರ್ಗವಿತ್ತು, ಅಟ್ಟೆ ಇತ್ತು, ಕಿವಿ ಇತ್ತು, ಜಡೆ ಇತ್ತು. ಜೋಡು ಇರಲಿಲ್ಲ. ಕಾಲಿಗೆ ಹಾಕುವುದರ ಒಂದು ಹೆಸರೇ ಕನ್ನಡದಲ್ಲಿ ಜೋಡು, ಮರಾಠಿಯಲ್ಲಿ ಜೋಡಾ. ಆ ರಾತ್ರಿ ಹೊಸ ವರ್ಗವನ್ನು ಸೇರಿಸಿ, ಹೆಣೆದವರು ಎಂಬ ಸಂಬಂಧವನ್ನು ಜೋಡಿಗೆ ಕಟ್ಟಬೇಕೋ ಒಂದೊಂದು ಕಾಲಿನದಕ್ಕೆ ಕಟ್ಟಬೇಕೋ ಎಂದು ಹುಡುಗರು ಬಹಳ ಹೊತ್ತು ವಾದ ಮಾಡಿದರು. ಮುಂದಿನ ವಾರ ಮತ್ತೆ ಆ ಅಂಗಳಕ್ಕೆ ಹೋಗಿ ಅತ್ತಿ-ಸೊಸೆ ಇಬ್ಬರನ್ನೂ ಕೂರಿಸಿಕೊಂಡು ಕೇಳುವುದೆಂದು ತೀರ್ಮಾನವಾಗಿದೆ.